ಸುಕ್ಕಿಲ್ಲದ ನಿದ್ದೆ

ಇದನ್ನು ಹೇಳಹೊರಟಿದ್ದಕ್ಕೆ ಮೊದಲು ಕ್ಷಮೆ ಕೇಳಬೇಕು. ಇದು ನನ್ನ ಮನೆಯ ಮಾತಲ್ಲ. ಲಾಂಡ್ರಿಯಲ್ಲಿ ನನ್ನ ಪಕ್ಕದ ಮೇಜಿಗೆ ನಿಂತು ಇಸ್ತ್ರಿ ಮಾಡುವವಳ ಮನೆಯ ಮಾತು. ತಲೆ ಎತ್ತದೆ, ಎದುರಿಗಿದ್ದ ಅಂಗಿಯ ಕಾಲರಿಗೆ ಹೇಳುವವಳಂತೆ ಅವಳು ಆಗೊಂದು ಈಗೊಂದು ಹೇಳಿದ್ದನ್ನು ನಾನು ಸೇರಿಸಿ ಹೊಲಿದಿದ್ದೇನೆ. ಬಟ್ಟೆ ಸಾಲದ ಕಡೆ ನನ್ನದೇ ತುಂಡು ಹಾಕಿರಬಹುದು. ಬೆಳಗಾಗೆದ್ದು ಒಲೆ ಹಚ್ಚುವುದು, ಹಾಸಿಗೆ ಎಳೆದು ಸರಿಮಾಡುವುದು, ಮಗುವನ್ನು ಶಾಲೆಗೆ ಕಳಿಸುವುದು, ಇದರಲ್ಲಿ ಹೇಳುವಂಥದ್ದು ಏನಿದೆ ಎಂದು ಯಾರಾದರೂ ಕೇಳಬಹುದು. ಬರೆಯಲಾ ಎಂದು ಅವಳನ್ನೇ ಕೇಳಿದೆ. "ಬರಿ. ಆದ್ರೆ ನನ್ನನ್ನ ಒಳ್ಳೆಯವಳು ಮಾಡೋಕೆ ಹೋಗ್ಬೇಡ," ಅಂದಳು. ಹಾಗೆ ಮಾಡಿಲ್ಲ ಎಂದುಕೊಂಡಿದ್ದೇನೆ.

ಆ ದಿನ ಅವಳಿಗೆ ಎಂದಿಗಿಂತ ಬೇಗ ಎಚ್ಚರವಾಯಿತು. ಕಿಟಕಿಯಾಚೆ ಇನ್ನೂ ಬೂದುಬಣ್ಣ. ಬ್ರೆಡ್ಡಿನ ವ್ಯಾನು ಓಡಿಸುವ ಗಂಡ ಆಗಲೇ ಹೊರಟುಹೋಗಿದ್ದ, ಅವನು ಮಲಗಿದ್ದ ಕಡೆ ಹಾಸಿಗೆ ತಣ್ಣಗಿತ್ತು. ಮಧ್ಯಾಹ್ನ ಮಗಳ ಶಾಲೆಯಲ್ಲಿ ತಾಯಂದಿರ ಸಭೆ, ಅದರಲ್ಲಿ ತಾನು ಮಾತಾಡಬೇಕು ಎಂಬುದು ಅವಳಿಗಿಂತ ಮೊದಲೇ ಎದ್ದು ಕೂತಿತ್ತು. ಎದ್ದು ಒಲೆಯ ಮೇಲೆ ನೀರಿಟ್ಟಳು. ನೀರು ಕಾಯುವಷ್ಟರಲ್ಲಿ ಪರದೆ ಸರಿಸುವುದು, ನಿನ್ನೆ ಒಣಗಿದ ಪಾತ್ರೆಗಳನ್ನು ಗೂಡಿಗೆ ಸೇರಿಸುವುದು, ಅಡುಗೆಕಟ್ಟೆಗೆ ಒದ್ದೆಬಟ್ಟೆ ಆಡಿಸುವುದು, ಅದೇ ಬಟ್ಟೆಯನ್ನು ಬಕೆಟ್ಟಿಗೆ ಹಾಕುವಾಗ ಬಚ್ಚಲ ಬಾಗಿಲ ಹಿಂದಿನ ಮೈಲಿಗೆ ಬಟ್ಟೆಗಳನ್ನೂ ಎತ್ತಿಕೊಂಡುಬರುವುದು. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಬರಿಗೈಯಲ್ಲಿ ಹೋಗಬಾರದು. ಇದನ್ನು ಸಭೆಯಲ್ಲಿ ಹೇಳಲೇಬೇಕು. ಹೇಳಿಕೊಂಡಳು ಕೂಡ, ತುಟಿ ಅಲ್ಲಾಡಿಸುತ್ತ, ಚಮಚಗಳ ಮುಂದೆ. ಚಮಚಗಳು ಗೌರವದಿಂದ ಕೇಳಿದವು. "ನಿಮ್ಮ ಮಗಳು ಒಂದು ದಿನ ಕೂಡ ತಡ ಇಲ್ಲ, ಒಂದು ದಿನ ಕೂಡ ಲಂಗದ ನಿರಿಗೆ ಕೆಟ್ಟಿಲ್ಲ. ಕೆಲಸಕ್ಕೆ ಹೋಗೋ ತಾಯಂದಿರು ಬೆಳಗ್ಗಿನ ಮನೆಗೆಲಸ ಹೇಗೆ ಸುಲಭ ಮಾಡ್ಕೋಬೇಕು ಅಂತ ನೀವೇ ನಾಲ್ಕು ಮಾತು ಹೇಳಿ," ಎಂದು ಹೆಡ್ ಮೇಡಂ ಗೇಟಿನ ಬಳಿ ತಾವಾಗಿಯೇ ನಿಲ್ಲಿಸಿ ಕೇಳಿದಾಗ ಅವಳಿಗೆ ಕಿವಿ ಬಿಸಿಯಾಗಿತ್ತು. ಅದೇ ಗೇಟು, ಅದೇ ಮೇಡಂ.

ಹಿಂದೊಮ್ಮೆ, ಮಗಳು ಶಾಲೆಗೆ ಸೇರಿದ ಹೊಸತು. ಒಂದು ಬೆಳಿಗ್ಗೆ ಹಾಲು ಉಕ್ಕಿತ್ತು, ಒಂದು ಸಾಕ್ಸು ಸಿಕ್ಕಿರಲಿಲ್ಲ. ಮಗಳು ನಿದ್ದೆಗಣ್ಣಿನಲ್ಲಿ ಅಂಗಿಯ ತೋಳಿಗೆ ಕಾಲು ತೂರಿಸುತ್ತಿದ್ದಳು. ಒಂದು ಏಟು ಕೂಡ ಬಿದ್ದಿತ್ತು, ಬೆನ್ನಿಗೆ, ಹಗುರವಾಗಿಯೇ, ಆದರೆ ಬಿದ್ದಿತ್ತು. ಓಡಿಕೊಂಡು ಹೋದರೆ ಗೇಟು ಮುಚ್ಚಿತ್ತು. ತಡವಾಗಿ ಬಂದವರ ಸಾಲಿನಲ್ಲಿ ಮಕ್ಕಳ ಜೊತೆ ಅಮ್ಮಂದಿರೂ ನಿಲ್ಲಬೇಕಾಯಿತು. ಮೇಡಂ ಒಬ್ಬೊಬ್ಬರನ್ನೇ ನೋಡುತ್ತ ಬಂದು ಇವಳ ಮಗಳ ಲಂಗದ ಅಂಚನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ನಗುತ್ತಲೇ, "ಅಮ್ಮ ಲಾಂಡ್ರೀಲಿ ಇಸ್ತ್ರಿ ಮಾಡ್ತಾರಲ್ವಾ? ದೀಪದ ಬುಡದಲ್ಲೇ ಕತ್ತಲು ನೋಡಿ," ಅಂದರು. ಸಾಲಿನಲ್ಲಿ ಯಾರೋ ನಕ್ಕರು. ಅಷ್ಟೇ. ಮೇಡಂ ಆ ಮಾತನ್ನು ಆ ಹೊತ್ತಿಗೇ ಮರೆತಿರಬೇಕು. ಇವಳು ಲಾಂಡ್ರಿಗೆ ಬಂದು ಇಡೀ ದಿನ ಊರಿನ ಗಂಡಸರ ಪ್ಯಾಂಟುಗಳಿಗೆ ಕತ್ತಿಯಂಥ ಗೆರೆ ಕೂರಿಸಿದಳು. ನಮ್ಮಲ್ಲಿ ಇವಳನ್ನು ಗೆರೆಯಮ್ಮ ಎಂದೇ ಕರೆಯುವುದು. ಗೆರೆ ಕೂರಿಸುವುದರಲ್ಲಿ ಇವಳನ್ನು ಮೀರಿಸುವವರಿಲ್ಲ. ಆ ಸಂಜೆ ಮಗಳ ಲಂಗವನ್ನು ಇಸ್ತ್ರಿ ಮಾಡುತ್ತ, ಬಿಸಿ ಆರದ ನಿರಿಗೆಗಳನ್ನು ನೋಡುತ್ತ, ಇದನ್ನು ಮೊಳೆಗೆ ತೂಗುಹಾಕಿ ಬೆಳಿಗ್ಗೆ ಮತ್ತೆ ಅವಸರದಲ್ಲಿ ಎಳೆದಾಡಿ ತೊಡಿಸುವ ಬದಲು ಈಗಲೇ ತೊಡಿಸಿಬಿಟ್ಟರೆ ಎಂದು ಅನ್ನಿಸಿತು. ಅನ್ನಿಸಿದ್ದು ಎಷ್ಟು ಸರಳವಾಗಿತ್ತೆಂದರೆ ಇಷ್ಟು ದಿನ ಹೊಳೆಯದಿದ್ದಕ್ಕೆ ನಗು ಬಂತು.

"ಗೊಂಬೆ ಪೆಟ್ಟಿಗೇಲಿ ಹೇಗೆ ಮಲಗಿರತ್ತೆ ಪುಟ್ಟೀ, ತೋರಿಸು ನೋಡೋಣ." ಮಗಳಿಗೆ ಅದು ಆಟ. ಅಂಗಿ, ಲಂಗ, ಬೆಲ್ಟು, ಸಾಕ್ಸು, ಎರಡು ಬಿಗಿ ಜಡೆ, ಎಲ್ಲ ತೊಟ್ಟು ಅಂಗಾತ ಮಲಗಿ ಕಾಲು ಜೋಡಿಸಿಕೊಂಡಳು. ಎರಡು ಅಂಗೈಗಳನ್ನು ನಿರಿಗೆಯ ಮೇಲೆ ಚಪ್ಪಟೆಯಾಗಿ ಇಟ್ಟುಕೊಳ್ಳುವುದನ್ನು ಅವಳೇ ಕಂಡುಹಿಡಿದದ್ದು. ಮೊದಮೊದಲು ಬೆಳಿಗ್ಗೆ ನೋಡಿದರೆ ಮುದ್ದೆಯಾಗಿರುತ್ತಿತ್ತು. ಅಮ್ಮ ಏನೂ ಬೈಯಲಿಲ್ಲ. ಬೈಯಲಿಲ್ಲ ಎಂಬುದನ್ನು ಅವಳು ನನಗೆ ಮತ್ತೆ ಮತ್ತೆ ಹೇಳಿದ್ದಾಳೆ. "ಅಯ್ಯೋ" ಎಂದು ಮಾತ್ರ ಅನ್ನುತ್ತಿದ್ದಳು, ನಿಟ್ಟುಸಿರು ಬಿಟ್ಟು ಮತ್ತೆ ಇಸ್ತ್ರಿ ಬಿಸಿಮಾಡುತ್ತಿದ್ದಳು. ಸುಕ್ಕಾಗದ ದಿನ "ಶಭಾಷ್ ನನ್ನ ರಾಣಿ" ಎಂದು ಹಣೆಗೆ ಮುತ್ತಿಡುತ್ತಿದ್ದಳು. ಶಭಾಷ್‌ಗಳು ಹೆಚ್ಚುತ್ತ ಹೋದವು. ಒಂದು ಲಾಭದ ಹಿಂದೆ ಇನ್ನೊಂದು: ಮಗು ಹೊರಳಾಡುವುದಿಲ್ಲವಾದ್ದರಿಂದ ಹಾಸಿಗೆಯೂ ಹಾಸಿದಂತೆ ಇರುತ್ತಿತ್ತು, ಒಂದು ಮೂಲೆ ಎಳೆದರೆ ಮುಗಿಯಿತು. ಬೆಳಗಿಗೆ ಉಸಿರು ಬಂತು. ಅಮ್ಮ, ಮಗಳು ಕೂತು ಹಾಲಿನಲ್ಲಿ ಬ್ರೆಡ್ಡು ಅದ್ದಿ ತಿನ್ನುವಷ್ಟು ಪುರುಸೊತ್ತು. ನಗು ಕೂಡ. ಬೆನ್ನಿಗೆ ಏಟು ಬಿದ್ದ ಬೆಳಗುಗಳಿಗಿಂತ ಇದು ಎಷ್ಟೋ ಮೇಲಲ್ಲವೇ ಎಂದು ನನ್ನನ್ನೇ ಕೇಳಿದಳು, ಮೇಲು ಎಂದೆ. ಈಗಲೂ ಹಾಗೇ ಅನ್ನಿಸುತ್ತದೆ, ಅದೇ ಕಷ್ಟ.

ನೀರು ಕುದಿಯುತ್ತಿತ್ತು. ಒಲೆ ಆರಿಸಿ ಮಗಳನ್ನು ಎಬ್ಬಿಸಲು ಹೋದವಳು ಬಾಗಿಲಲ್ಲಿ ನಿಂತಳು. ಬೇಗ ಎದ್ದಿದ್ದರಿಂದ ಕೈಯಲ್ಲಿ ಹೊತ್ತು ಉಳಿದಿತ್ತು; ಮಗಳ ಮುಖವನ್ನು ಸುಮ್ಮನೆ ನೋಡುತ್ತ ನಿಂತು ಎಷ್ಟು ಕಾಲವಾಯಿತೋ. ಹೊದಿಕೆ ಎದೆಯವರೆಗೆ ನೇರ. ಜಡೆಗಳು ಎರಡು ಹಗ್ಗದಂತೆ ಮುಂದಕ್ಕೆ. ಕೆನ್ನೆಯ ಮೇಲೆ ಒಂದು ಸೊಳ್ಳೆ ಬಂದು ಕೂತಿತು. ಈಗ ಕೈ ಎತ್ತುತ್ತಾಳೆ ಎಂದುಕೊಂಡಳು ಅಮ್ಮ. ಸೊಳ್ಳೆ ಆರಾಮಾಗಿ ಕಾಲೂರಿತು. ಕೆನ್ನೆ ಒಮ್ಮೆ ಅದುರಿತು. ಹೊದಿಕೆಯಡಿ ಬಲಗೈಯ ಬೆರಳುಗಳು ಒಂದಿಷ್ಟು ಎದ್ದವು, ಬಟ್ಟೆಯ ಮೇಲೆ ಅದು ಕಂಡಿತು, ಎದ್ದು, ಏನೋ ನೆನಪಾದಂತೆ, ಮತ್ತೆ ಮಲಗಿದವು. ಸೊಳ್ಳೆ ಕುಡಿಯುತ್ತಲೇ ಇತ್ತು. ಅಮ್ಮನಿಗೆ ಓಡಿಹೋಗಿ ಓಡಿಸಬೇಕೆನಿಸಿತು, ಆದರೆ ಆ ಕೈಯನ್ನೇ ನೋಡುತ್ತ ನಿಂತಳು. ನಿದ್ದೆಯಲ್ಲಿರುವ ಮಗುವಿಗೆ ತುರಿಕೆಯಾದರೆ ಕೈ ತಾನಾಗಿ ಬರುತ್ತದೆ, ಬರಬೇಕು. ಕೈ ಬರಲಿಲ್ಲವೆಂದರೆ? ನಿದ್ದೆಯೊಳಗೂ ಅವಳನ್ನು ಯಾರೋ ಕಾಯುತ್ತಿದ್ದಾರೆ. ಯಾರು ಎಂದು ಕೇಳಿಕೊಳ್ಳುವ ಹೊತ್ತಿಗೆ ಸೊಳ್ಳೆ ಹೊಟ್ಟೆ ತುಂಬಿ ತಾನೇ ಎದ್ದುಹೋಯಿತು.

"ಪುಟ್ಟೀ."

ಕಣ್ಣು ಥಟ್ಟನೆ ತೆರೆದವು. ಮಕ್ಕಳ ಕಣ್ಣು ಹಾಗೆ ತೆರೆಯುವುದಿಲ್ಲ; ಮೊದಲು ಒಂದು, ಆಮೇಲೆ ಇನ್ನೊಂದು, ನಡುವೆ ಒಂದಿಷ್ಟು ರಂಪ. ಇವಳದು ಕಿಟಕಿ ತೆಗೆದಂತೆ.

"ಸುಕ್ಕಾಗಿಲ್ಲ ಅಮ್ಮಾ," ಅಂದಳು ಮಗಳು.

ದಿನವೂ ಮೊದಲ ಮಾತು ಅದೇ ಎಂದು ಅವಳಿಗೆ ಆಗ ಹೊಳೆಯಿತು. "ನಿದ್ದೆ ಬಂತಾ?" ಎಂದು ಕೇಳಿದಳು. ಮಗಳು ಉತ್ತರಕ್ಕಾಗಿ ಅಮ್ಮನ ಮುಖದಲ್ಲಿ ಹುಡುಕಿದಳು. "ಬಂತು ಅನ್ಲಾ?"

ಶಾಲೆಯ ದಾರಿಯಲ್ಲಿ ಮಗಳು ಕುಂಟೆಬಿಲ್ಲೆ ಆಡುವವಳಂತೆ ಒಂಟಿಕಾಲಲ್ಲಿ ಹಾರುತ್ತ, ನಡುವೆ ನಿಂತು ನಿರಿಗೆ ನೋಡಿಕೊಳ್ಳುತ್ತ, ಮತ್ತೆ ಹಾರುತ್ತ ನಡೆದಳು. ಅವಳ ಕೆನ್ನೆಯ ಮೇಲೆ ಕೆಂಪು ದದ್ದು. ಗಂಡ ಒಮ್ಮೆ ಅಂದಿದ್ದ, ಬೆಳಗಿನ ಜಾವ ಹೊರಡುವ ಮುಂಚೆ ಮಗಳ ಕೋಣೆಗೆ ಇಣುಕಿ ಬಂದು: "ಏನೇ ಇದು, ಇವಳು ಮಲಗಿದಾಳೋ ಪಹರೆ ಕಾಯ್ತಿದಾಳೋ? ಸಲ್ಯೂಟ್ ಹೊಡೆಯೋಣ ಅನ್ಸತ್ತೆ." ಇಬ್ಬರೂ ನಕ್ಕಿದ್ದರು. ಬಾಯಿಗೆ ಸೆರಗಿನ ಬದಲು ದಿಂಬು ಒತ್ತಿಕೊಂಡು ನಕ್ಕಿದ್ದು ನೆನಪಿದೆ, ಮಗು ಎಚ್ಚರವಾಗಬಾರದೆಂದು. ಎಚ್ಚರವಾಗಬಾರದೆಂದು. ಪಕ್ಕದ ಕೋಣೆಯಲ್ಲಿ ಅದು ಕಣ್ಣುಮುಚ್ಚಿಕೊಂಡು ತಮ್ಮ ನಗುವನ್ನು ಕೇಳುತ್ತಿತ್ತೇನೋ. ಗೇಟಿನಲ್ಲಿ ಮೇಡಂ, "ಮರೀಬೇಡಿ, ಮಧ್ಯಾಹ್ನ," ಎಂದರು. ಮಗಳು ಒಳಗೆ ಓಡುವ ಮೊದಲು ತಿರುಗಿ, "ಅಮ್ಮಾ, ಭಾಷಣದಲ್ಲಿ ನನ್ನ ಹೆಸರು ಹೇಳ್ತೀಯಾ?" ಅಂದಳು.

ಲಾಂಡ್ರಿಯಲ್ಲಿ ನಾವು ಬಿಡುತ್ತೇವೆಯೇ. "ಬಂದ್ರಪ್ಪಾ ಭಾಷಣಕಾರ್ತಿ, ದಾರಿ ಬಿಡಿ!" ಎಂದೆವು. "ಅಲ್ಲಿ ಮೈಕ್ ಕೊಟ್ರೆ ಅದನ್ನೂ ಇಸ್ತ್ರಿ ಪೆಟ್ಟಿಗೆ ಅನ್ಕೊಂಡು ಯಾರ ಮೇಲಾದ್ರೂ ಉಜ್ಜಿಬಿಟ್ಟೀಯೇ." ಅವಳು ನಗಲಿಲ್ಲ. ಇಸ್ತ್ರಿಯ ಹಬೆ ಅವಳ ಮುಖಕ್ಕೆ ಬಡಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ನೋಡುತ್ತೇನೆ, ಪ್ಯಾಂಟೊಂದನ್ನು ಎತ್ತಿ ಹಿಡಿದು ಕಲ್ಲಿನಂತೆ ನಿಂತಿದ್ದಾಳೆ. ಒಂದು ಕಾಲಿನ ಮೇಲೆ ಎರಡು ಗೆರೆ, ಪಕ್ಕಪಕ್ಕ. ಇದಕ್ಕೆ ನಾವು ರೈಲುಹಳಿ ಎನ್ನುತ್ತೇವೆ. ಹೊಸದಾಗಿ ಸೇರಿದವರು ಮಾಡುವ ತಪ್ಪು, ಹಳೆಯ ಗೆರೆಯನ್ನು ನೋಡದೆ ಅದರ ಪಕ್ಕ ಇನ್ನೊಂದು ಕೂರಿಸಿಬಿಡುವುದು. ಗೆರೆಯಮ್ಮನ ಕೈಯಲ್ಲಿ ರೈಲುಹಳಿ! ನಾನು ಒದ್ದೆಬಟ್ಟೆ ಕೊಟ್ಟೆ. ಅವಳು ಬೇಡದ ಗೆರೆಯ ಮೇಲೆ ಅದನ್ನು ಹಾಸಿ ಒತ್ತಿ ಒತ್ತಿ ತೆಗೆದಳು. ಹೋಯಿತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಇದೆಯೋ ಇಲ್ಲವೋ ಎನ್ನುವ ಹಾಗೆ. "ಯಾರಿಗೂ ಕಾಣ್ಸಲ್ಲ ಬಿಡು," ಅಂದೆ. "ನನಗೆ ಕಾಣ್ಸತ್ತಲ್ಲ," ಅಂದಳು.

ಸಭೆ ನಡೆದದ್ದು ಚಿಕ್ಕ ಮಕ್ಕಳ ತರಗತಿಯಲ್ಲಿ. ಗಿಡ್ಡ ಬೆಂಚುಗಳ ಮೇಲೆ ದೊಡ್ಡ ಹೆಂಗಸರು ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದರು. ಕೆಲವರು ಕೆಲಸದ ಬಟ್ಟೆಯಲ್ಲೇ ಬಂದಿದ್ದರು, ಒಬ್ಬಳ ಕೈಯಲ್ಲಿ ಇನ್ನೂ ಹಿಟ್ಟು. ಇವಳು ಎದ್ದು ನಿಂತು, ಗೋಡೆಯ ಮೇಲಿನ ಅಕ್ಷರಮಾಲೆ ನೋಡುತ್ತ, ಕಲಿತದ್ದನ್ನೆಲ್ಲ ಒಪ್ಪಿಸಿದಳು. ಪಾತ್ರೆಯನ್ನು ಸಂಜೆಯೇ ತೊಳೆದಿಡಿ. ನೀರು ಕಾಯುವ ಹೊತ್ತನ್ನು ಸುಮ್ಮನೆ ಬಿಡಬೇಡಿ, ಅಷ್ಟರಲ್ಲಿ ಒಂದು ಕೆಲಸ ಮುಗಿಯುತ್ತದೆ. ಇಡೀ ಮನೆ ಗುಡಿಸಬೇಡಿ, ಓಡಾಡುವ ದಾರಿಯನ್ನಷ್ಟೇ ಗುಡಿಸಿ. ಕೋಣೆಯಿಂದ ಕೋಣೆಗೆ ಬರಿಗೈಯಲ್ಲಿ ಹೋಗಬೇಡಿ.

"ಬರಿಗೈ ಎಲ್ಲಿಂದ ತರೋದು ಅಕ್ಕಾ? ನನ್ನ ಎರಡು ಕೈಗೂ ಒಂದೊಂದು ಬಾಲ," ಎಂದಳು ಹಿಂದಿನ ಬೆಂಚಿನ ಅವಳಿ ಮಕ್ಕಳ ತಾಯಿ. ಕೋಣೆ ನಕ್ಕಿತು. ಅವಳು ಬಿಡಲಿಲ್ಲ. "ಅದೆಲ್ಲ ಸರಿ, ಬಟ್ಟೆ ಹಾಕ್ಸೋ ಗುಟ್ಟು ಹೇಳಿ. ನನ್ನವಕ್ಕೆ ಬಟ್ಟೆ ಹಾಕ್ಸೋದೂ ಒಂದೇ, ಬೆಕ್ಕಿಗೆ ಸ್ನಾನ ಮಾಡ್ಸೋದೂ ಒಂದೇ. ನಿಮ್ಮ ಮಗಳು ಅದ್ಹೇಗೆ ಅಂಗಡಿ ಕಪಾಟಿಂದ ಇಳಿದ ಹಾಗೆ ಬರ್ತಾಳೆ?"

 ಬೇಗ ಎಬ್ಬಿಸ್ತೀನಿ ಅಂದರೆ ಆಯಿತು. ಅಷ್ಟೇ ಸಾಕು, ಯಾರೂ ಮುಂದೆ ಕೇಳುವುದಿಲ್ಲ. ಆದರೆ ಮೇಡಂ ಉತ್ಸಾಹದಲ್ಲಿ, "ಅವಳನ್ನೇ ಕೇಳೋಣ," ಎಂದು ಪಕ್ಕದ ತರಗತಿಯಿಂದ ಮಗಳನ್ನು ಕರೆಸಿಬಿಟ್ಟರು. ಮಗಳು ಬಂದು ಎಲ್ಲರ ನಡುವೆ ನಿಂತಳು, ನಿರಿಗೆ ಒಂದೊಂದೂ ನೆಟ್ಟಗೆ, ಕೆನ್ನೆಯ ಮೇಲೆ ದದ್ದು. "ಬೆಳಿಗ್ಗೆ ಎದ್ದ ತಕ್ಷಣ ಮೊದಲು ಏನು ಮಾಡ್ತೀಯಮ್ಮಾ?" ಮಗಳು ಮೇಡಂ ಮುಖ ನೋಡಲಿಲ್ಲ, ಅಮ್ಮನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, "ಮುಖ ತೊಳೆದು ಬಟ್ಟೆ ಹಾಕ್ಕೋತೀನಿ. ನಾನೇ," ಅಂದಳು. ತೊದಲದೆ, ತಡವರಿಸದೆ. ಹೀಗೊಂದು ಸುಳ್ಳು ಹೇಳಬೇಕಾಗುತ್ತದೆ ಎಂದು ಮಗಳಿಗೆ ಯಾರೂ ಕಲಿಸಿಲ್ಲ, ಅಮ್ಮನಿಗೆ ಗೊತ್ತು. ಸೊಳ್ಳೆ ಕಚ್ಚಿದರೂ ಕೈ ಎತ್ತಬಾರದು ಎಂದೂ ಯಾರೂ ಕಲಿಸಿರಲಿಲ್ಲ. ಮಗು ತನ್ನನ್ನು ಕಾಪಾಡುತ್ತಿದೆ ಎಂಬುದು ಏಟಿನಂತೆ ಬಿತ್ತು, ಬೆನ್ನಿಗೆ, ಹಗುರವಾಗಿಯೇ.

"ಇಲ್ಲ," ಎಂದಳು ಅವಳು. "ಅವಳು ಹಾಕ್ಕೊಳ್ಳಲ್ಲ. ಸಂಜೆನೇ ನಾನು ಎಲ್ಲ ಹಾಕ್ಸಿ ಮಲಗಿಸ್ತೀನಿ. ಯೂನಿಫಾರಂನಲ್ಲೇ ಮಲಗ್ತಾಳೆ."

ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು, ಬೇಕಾಗಿತ್ತು ಕೂಡ. ಎರಡು ಬೆರಳಲ್ಲಿ ಈಗ ತನ್ನನ್ನು ಎತ್ತಿ ತೋರಿಸಲಿ.  ಆದರೆ ಅವಳಿ ಮಕ್ಕಳ ತಾಯಿ ಹಣೆ ಚಚ್ಚಿಕೊಂಡು, "ಅಯ್ಯೋ ನನ್ನ ಮಂಡೆಗೇ! ಇಷ್ಟು ದಿನ ಈ ಬುದ್ಧಿ ಎಲ್ಲಿ ಮಣ್ಣು ತಿಂತಿತ್ತು!" ಎಂದು ಕೂಗಿದಳು. ಕೋಣೆಗೆ ಕೋಣೆಯೇ ಹೋ ಎಂದಿತು. ಮೇಡಂ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಬೂಟೂ ಹಾಕ್ಸಬಹುದಾ?" "ಅಡುಗೆ ಮಾಡಿ ಬಾಯಲ್ಲೂ ಇಟ್ಟು ಮಲಗಿಸ್ರೇ, ಬೆಳಿಗ್ಗೆ ಅಗಿದ್ರೆ ಆಯ್ತು." "ನಮ್ಮ ಯಜಮಾನ್ರಿಗೂ ಹಾಗೇ ಮಾಡ್ಬೇಕು, ಟೈ ಕಟ್ಟಿ." ಅವಳು, "ಅದು ಹಾಗಲ್ಲ, ಕೇಳಿ, ಸೊಳ್ಳೆ..." ಎಂದದ್ದು ನಗುವಿನಲ್ಲಿ ಮುಳುಗಿಹೋಯಿತು. ಕೈಗೆ ಹಿಟ್ಟು ಮೆತ್ತಿದ್ದವಳು ಮಾತ್ರ ಗಂಭೀರವಾಗಿ, "ಸುಕ್ಕಾಗಲ್ವಾ ಮತ್ತೆ?" ಎಂದು ಕೇಳಿದಳು.

"ಆಗಲ್ಲ," ಎಂದಳು ಮಗಳು. "ತೋರಿಸ್ಲಾ?"

ಯಾರಾದರೂ ಬೇಡ ಅನ್ನುವ ಮೊದಲೇ ಅವಳು ಮುಂದಿನ ಬೆಂಚಿನ ಮೇಲೆ ಮಲಗಿದ್ದಳು. ಮೊದಲು ಕೂತು, ಹಿಂದಿನ ನಿರಿಗೆಗಳನ್ನು ಕೈಯಿಂದ ಸವರಿ ಕೆಳಗೆ ಹಾಸಿಕೊಂಡು, ಬೆನ್ನನ್ನು ನಿಧಾನ ಇಳಿಸಿ, ಕಾಲು ಜೋಡಿಸಿ, ಜಡೆಗಳನ್ನು ಒಂದೊಂದಾಗಿ ಮುಂದಕ್ಕೆ ಎಳೆದುಕೊಂಡು, ಅಂಗೈಗಳನ್ನು ತೊಡೆಯ ಮೇಲೆ ಚಪ್ಪಟೆಯಾಗಿ ಇಟ್ಟು ಕಣ್ಣು ಮುಚ್ಚಿದಳು. ಇಷ್ಟು ಅಚ್ಚುಕಟ್ಟಾಗಿ ಒಂದು ಕೆಲಸ ಮಾಡುವುದನ್ನು ಆ ಕೋಣೆಯಲ್ಲಿದ್ದವರು ದೊಡ್ಡವರಲ್ಲೂ ಕಂಡಿರಲಿಲ್ಲ. ನಗು ಒಂದೊಂದೇ ಬೆಂಚಿನಿಂದ ನಿಂತಿತು. ಬೆಂಚು ಕಿರಿದು, ಮಗು ಅದಕ್ಕಿಂತ ಕಿರಿದು. ಎದೆ ಏರಿಳಿಯುವುದು ಕೂಡ ಸರಿಯಾಗಿ ಕಾಣುತ್ತಿರಲಿಲ್ಲ. ಮೇಡಂ ಕನ್ನಡಕ ಹಾಕಿಕೊಂಡರು. "ಸಾಕಮ್ಮಾ, ಏಳು," ಅಂದರು. ಮಗು ಅಲ್ಲಾಡಲಿಲ್ಲ. ಅವಳಿ ಮಕ್ಕಳ ತಾಯಿ ಎದ್ದು ಬಂದು, ದನಿ ತಗ್ಗಿಸಿ, "ಏಳು ಬಂಗಾರ, ನೋಡಿದ್ವಿ, ಏಳು," ಎಂದು ಭುಜ ಮುಟ್ಟಿದಳು. ಮಗು ಅಲ್ಲಾಡಲಿಲ್ಲ. ಎಲ್ಲರೂ ಅಮ್ಮನ ಕಡೆ ತಿರುಗಿದರು. ಇವಳಿಗೆ ಹೇಳಬೇಕಾದ ಮಾತು ಗೊತ್ತಿತ್ತು, ದಿನವೂ ಬೆಳಿಗ್ಗೆ ಕರೆಯುವ "ಪುಟ್ಟೀ" ಎಂಬ ಒಂದೇ ಮಾತು. ಅದನ್ನು ಹೇಳಿದರೆ ಕಣ್ಣು ಹೇಗೆ ತೆರೆಯುತ್ತವೆ ಎಂಬುದೂ ಗೊತ್ತಿತ್ತು. ಇಷ್ಟು ಜನರ ಮುಂದೆ ಅದು ಬೇಡವಾಗಿತ್ತು. ಮಾತಾಡದೆ ಹೋಗಿ ಮಗಳನ್ನು ಎತ್ತಿಕೊಂಡಳು, ದೊಡ್ಡವಳಾಗಿದ್ದಾಳೆ, ಭಾರ, ಸೊಂಟಕ್ಕೆ ಏರಿಸಿ ಅವುಚಿಕೊಂಡಳು. ನಿರಿಗೆಗಳು ಇಬ್ಬರ ನಡುವೆ ಮುದ್ದೆಯಾದವು. "ಅಮ್ಮಾ, ಲಂಗ, ಲಂಗ!" ಎಂದು ಕಿವಿಯಲ್ಲಿ ಕೂಗುತ್ತಿದ್ದ ಮಗಳನ್ನು ಹಾಗೇ ಹೊತ್ತು ಗೇಟು ದಾಟಿದಳು.

ಆ ಸಂಜೆಯಿಂದ ಯೂನಿಫಾರಂ ಮೊಳೆಗೆ ಹೋಯಿತು. ಮಗಳಿಗೆ ಅಪ್ಪನ ಹಳೆಯ ಅಂಗಿ, ಮೊಣಕಾಲು ಮುಟ್ಟುವಂಥದ್ದು, ಇಸ್ತ್ರಿ ಕಾಣದ್ದು. "ಹೇಗೆ ಬೇಕಾದ್ರೂ ಮಲಗು ಪುಟ್ಟೀ, ಹೊರಳಾಡು." ಬೆಳಿಗ್ಗೆ ಹೋಗಿ ನೋಡಿದರೆ ಆ ದೊಗಲೆ ಅಂಗಿಯೊಳಗೆ ಮಗಳು ಅಂಗಾತ, ಅಂಗೈ ಚಪ್ಪಟೆ, ಹಾಸಿಗೆ ಹಾಸಿದಂತೆ. ಈಗ ಅವಳ ಬೆಳಗಿನ ಮೊದಲ ಕೆಲಸ ಒಲೆ ಹಚ್ಚುವುದಲ್ಲ. ಎದ್ದವಳು ನೇರವಾಗಿ ಮಗಳ ಬಳಿ ಹೋಗುತ್ತಾಳೆ, ಭುಜದ ಕೆಳಗೆ ಕೈ ಹಾಕಿ ಗೋಡೆಯ ಕಡೆ ಹೊರಳಿಸುತ್ತಾಳೆ, ಒಂದು ಮೊಣಕಾಲು ಮಡಿಸುತ್ತಾಳೆ, ಒಂದು ಕೈಯನ್ನು ಕೆನ್ನೆಯ ಕೆಳಗೆ ಇಡುತ್ತಾಳೆ, ಬೇರೆ ಮಕ್ಕಳು ಮಲಗುವಂತೆ. ಆಮೇಲೆ ಒಲೆ. ನೀರು ಕಾದು ತಿರುಗಿ ಬರುವಷ್ಟರಲ್ಲಿ ಮಗಳು ಮತ್ತೆ ನೆಟ್ಟಗಾಗಿರುತ್ತಾಳೆ. ಗೇಟಿಗೆ ಎಷ್ಟೋ ದಿನ ತಡವಾಗುತ್ತದೆ. ಮೇಡಂ ಏನೂ ಅನ್ನುವುದಿಲ್ಲ, ಬೇರೆ ಕಡೆ ನೋಡುತ್ತಾರೆ. ಅವಳಿ ಮಕ್ಕಳ ತಾಯಿ ಇವಳ ಪಕ್ಕವೇ ಸಾಲಿನಲ್ಲಿ ನಿಂತು, "ಬನ್ನಿ ಅಕ್ಕಾ, ಈ ಸಾಲಲ್ಲಿ ಒಳ್ಳೆ ಜನ ಸಿಗ್ತಾರೆ," ಅನ್ನುತ್ತಾಳಂತೆ.

ಮೊನ್ನೆ ಅವಳು ಲಾಂಡ್ರಿಗೆ ಬರುವಾಗಲೇ ಮುಖ ಅರಳಿತ್ತು. ಇಸ್ತ್ರಿ ಬಿಸಿಯಾಗುವ ಮೊದಲೇ ಹೇಳಿದಳು. ಆ ಬೆಳಿಗ್ಗೆ ಹೋಗಿ ನೋಡಿದರೆ ಮಗಳ ಹಾಸಿಗೆ ದನ ತುಳಿದಂತಿತ್ತು. ಹೊದಿಕೆ ನೆಲದಲ್ಲಿ, ದಿಂಬು ಕಾಲ ಬಳಿ, ಅಂಗಿ ಎದೆಯವರೆಗೆ ಸುರುಟಿಕೊಂಡು, ಜಡೆ ಬಿಚ್ಚಿ. ಬಾಗಿಲಲ್ಲೇ ನಿಂತು ಅವಳಿಗೆ ಅಳು ಬಂತು. ಅಷ್ಟರಲ್ಲಿ ಮಗಳ ಕಣ್ಣು ಥಟ್ಟನೆ ತೆರೆದವು.

"ಸುಕ್ಕಾಗಿದೆ ನೋಡಮ್ಮಾ," ಅಂದಳಂತೆ.

ಹೇಳುತ್ತ ಹೇಳುತ್ತ ಅವಳ ಕೈ ನಿಂತಿತು.  ಇಬ್ಬರೂ ಮುಂದಿನ ಅಂಗಿ ಎತ್ತಿಕೊಂಡೆವು. ಮಗು ಆ ರಾತ್ರಿ ನಿಜವಾಗಿ ನಿದ್ದೆಯಲ್ಲಿ ಹೊರಳಾಡಿತೋ, ಅಥವಾ ಅಮ್ಮನ ಹೆಜ್ಜೆಯ ಸದ್ದು ಕೇಳುವ ಮುಂಚೆ ಎದ್ದು ಕೂತು, ಹೊದಿಕೆಯನ್ನು ನೆಲಕ್ಕೆಸೆದು, ಜಡೆ ಬಿಚ್ಚಿಕೊಂಡು, ಎಲ್ಲವನ್ನೂ ಅಚ್ಚುಕಟ್ಟಾಗಿ ಕೆಡಿಸಿಟ್ಟು ಮಲಗಿತೋ, ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ಮಗಳನ್ನು ಕೇಳಬಹುದು. ಕೇಳಿದರೆ ಅದು ಉತ್ತರಕ್ಕಾಗಿ ಅಮ್ಮನ ಮುಖ ನೋಡುತ್ತದೆ.